ಹತ್ತು ಮಿಲಿಲೀಟರ್‌ಗೆ ಎಷ್ಟು ಏಲಕ್ಕಿ?

ಮಡಿಕೇರಿಯ ಮಸಾಲೆ ಅಂಗಡಿಗಳಲ್ಲಿ ಕಾಫಿಪುಡಿ, ಜೇನುತುಪ್ಪದ ಪಕ್ಕ ಪುಟ್ಟ ಶೀಶೆಗಳೂ ಕಾಣುತ್ತವೆ: ಏಲಕ್ಕಿ ಎಣ್ಣೆ, ನೀಲಗಿರಿ ಎಣ್ಣೆ, ಒಮ್ಮೊಮ್ಮೆ ಕ್ಯಾಮೊಮೈಲ್ ಎಣ್ಣೆ. ಎಲ್ಲದರ ಮೇಲೂ ‘ಶುದ್ಧ’ ಎಂಬ ಮಾತು. ಕ್ಯಾಮೊಮೈಲ್ ನಮ್ಮ ಬೆಳೆಯಲ್ಲ, ಅದು ಇರಲಿ. ಏಲಕ್ಕಿ ಮಾತ್ರ ನಮ್ಮ ಮಲೆಯದೇ, ಅದರ ಲೆಕ್ಕ ಹಾಕಿ ನೋಡಬಹುದು.

ಸುಮಾರು 5 ಕಿಲೋ ಹಸಿಕಾಯಿ ಡ್ರೈಯರ್‌ನಿಂದ ಹೊರಬರುವಾಗ 1 ಕಿಲೋ. ಅದರಲ್ಲಿ ಸಿಪ್ಪೆ 300 ಗ್ರಾಂ, ಬೀಜ 700 ಗ್ರಾಂ. ಎಣ್ಣೆ ಇರುವುದು ಹೆಚ್ಚುಕಡಿಮೆ ಬೀಜದಲ್ಲೇ, ಶೇ 6ರಿಂದ 10. ಶೇ 8 ಎಂದು ಹಿಡಿದರೆ ಕಿಲೋ ಒಣಕಾಯಿಗೆ 56 ಮಿ.ಲೀ. ಎಣ್ಣೆ. 10 ಮಿ.ಲೀ. ಶೀಶೆಗೆ ಸುಮಾರು 180 ಗ್ರಾಂ ಒಣಕಾಯಿ, ಅಂದರೆ 900 ಗ್ರಾಂ ಹಸಿಕಾಯಿ ಬೇಕು. ಹನಿಯ ಲೆಕ್ಕದಲ್ಲಿ ಒಂದು ಹನಿಗೆ ನಾಲ್ಕೈದು ಕಾಯಿ. ಪಾಯಸಕ್ಕೆ ಎರಡು ಹನಿ ಬಿದ್ದರೆ ಉಣ್ಣುವವರ ಮುಖ ಹೇಗಾದೀತು, ಊಹಿಸಿ!

ಕಾಯಿಗೆ ಕಿಲೋಗೆ 2,500 ರೂಪಾಯಿ ಎಂದಿಟ್ಟುಕೊಂಡರೆ ಆ ಶೀಶೆಯೊಳಗಿನ ಕಾಯಿಯ ಬೆಲೆಯೇ 450 ರೂಪಾಯಿ. ಬಟ್ಟಿ ಇಳಿಸುವವರು ಒಳ್ಳೆಯ ಹಸಿರು ಕಾಯಿಯನ್ನು ಹಾಕುವುದಿಲ್ಲ ನಿಜ. ಬಾಯಿಬಿಟ್ಟದ್ದು, ಬಣ್ಣಗೆಟ್ಟದ್ದು, ಥ್ರಿಪ್ಸ್ ಕೆರೆದದ್ದು ಅವರ ಪಾಲು. ಅದು ಅರ್ಧ ಬೆಲೆಗೆ ಸಿಕ್ಕರೂ 225 ರೂಪಾಯಿ. ಸೌದೆ, ಕೂಲಿ, ಶೀಶೆ, ಅಂಗಡಿಯವರ ಲಾಭ ಬೇರೆ. ದರ ಸ್ಥಿರವೂ ಅಲ್ಲ: 2019ರ ಆಗಸ್ಟ್‌ನಲ್ಲಿ ಕೇರಳದ ಪುಟ್ಟಡಿ ಹರಾಜಿನಲ್ಲಿ ಕಿಲೋ 7,000 ರೂಪಾಯಿ ಮುಟ್ಟಿತ್ತು.

ಬೀಜವನ್ನು ಹಲ್ಲಿನಡಿ ಒಡೆದು ನೋಡಿ. ಮೊದಲು ಮೂಗಿಗೇರುವ ತಣ್ಣನೆಯ ಘಾಟು ಸಿನಿಯೋಲ್‌ನದು, ನೀಲಗಿರಿ ಎಣ್ಣೆಯಲ್ಲಿರುವುದೂ ಅದೇ. ಹಿಂದೆ ಉಳಿಯುವ ಹೂವಿನಂಥ ಸಿಹಿ ಟರ್ಪಿನೈಲ್ ಅಸಿಟೇಟ್‌ನದು. ಈ ಎರಡೇ ಸೇರಿ ಎಣ್ಣೆಯ ಬಹುಪಾಲು. ಉಳಿದದ್ದು ಲಿಮೋನಿನ್, ಲಿನಲೂಲ್ ಮುಂತಾದ ಚಿಲ್ಲರೆ. ಕೊಡಗಿನಲ್ಲಿ ಹೆಚ್ಚಾಗಿರುವ ಮಲಬಾರ್ ತಳಿಯಲ್ಲಿ ಘಾಟು ತುಸು ಮುಂದೆ.

ಮಡಿಕೇರಿ ಬಳಿಯ ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರದ ತಳಿಗಳನ್ನೇ ತೆಗೆದುಕೊಳ್ಳಿ. ‘ಅವಿನಾಶ್’ ಹೆಕ್ಟೇರಿಗೆ 847 ಕಿಲೋ ಒಣಕಾಯಿ ಕೊಡಬಲ್ಲದು, ಎಣ್ಣೆ ಶೇ 6.7. ‘ಸುವಾಸಿನಿ’ಗೆ 745 ಕಿಲೋ, ಎಣ್ಣೆ ಶೇ 8.7. ಬೀಜದ ಲೆಕ್ಕದಲ್ಲಿ ಗುಣಿಸಿದರೆ ಅವಿನಾಶ್‌ನಿಂದ ಸುಮಾರು 40 ಲೀಟರ್, ಸುವಾಸಿನಿಯಿಂದ 45. ಕಾಯಿ ನೂರು ಕಿಲೋ ಕಡಿಮೆ, ಎಣ್ಣೆ ಐದು ಲೀಟರ್ ಜಾಸ್ತಿ! ಇವು ಒಳ್ಳೆಯ ಆರೈಕೆಯ ಅಂಕಿಗಳು. ಕಟ್ಟೆ ರೋಗ ಹೊಕ್ಕ ಮಲೆಯಲ್ಲಿ ಈ ಲೆಕ್ಕ ನಡೆಯದು.

ಇನ್ನು ಔಷಧಿಯ ಮಾತು. ಕಫ ಸಡಿಲಿಸಲು ಜರ್ಮನಿಯಲ್ಲಿ ಸಿನಿಯೋಲ್ ಕ್ಯಾಪ್ಸೂಲ್ ಮಾರಾಟದಲ್ಲಿದೆ. ಆಯುರ್ವೇದದ ತ್ರಿಜಾತದಲ್ಲಿ ದಾಲ್ಚಿನ್ನಿ, ತಮಾಲಪತ್ರದ ಜೊತೆ ಏಲಕ್ಕಿಯೂ ಒಂದು. ಆದರೆ ಏಲಕ್ಕಿ ಎಣ್ಣೆಯನ್ನೇ ಮನುಷ್ಯರ ಮೇಲೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು ಕಡಿಮೆ. ಬಾಟಲಿಯ ಮೇಲೆ ‘ಎಲ್ಲ ನೋವಿಗೂ’ ಎಂದಿದ್ದರೆ ನಾನಂತೂ ಕೊಳ್ಳುವುದಿಲ್ಲ. ಹಸುಗೂಸಿನ ಮೂಗಿನ ಬಳಿ ಇದನ್ನು ಸವರಲೇಬೇಡಿ. ಸಿನಿಯೋಲ್ ಮಕ್ಕಳ ಉಸಿರಾಟಕ್ಕೆ ತೊಂದರೆ ಕೊಡುತ್ತದೆ.

ಕ್ಯಾಮೊಮೈಲ್‌ಗೆ ಹೋಲಿಸಿದರೆ ಏಲಕ್ಕಿಯೇ ಧಾರಾಳಿ. ಯುರೋಪಿನ ಔಷಧಕೋಶ ಕಿಲೋ ಒಣಹೂವಿನಲ್ಲಿ ಕನಿಷ್ಠ 4 ಮಿ.ಲೀ. ನೀಲಿ ಎಣ್ಣೆ ಇರಬೇಕೆನ್ನುತ್ತದೆ. ಆ ಕನಿಷ್ಠ ಮಟ್ಟದ ಹೂವಾದರೆ 10 ಮಿ.ಲೀ.ಗೆ ಎರಡೂವರೆ ಕಿಲೋ ಒಣಹೂವು ಬೇಕು. ನೀಲಿ ಬಣ್ಣ ಹೂವಿನದಲ್ಲ. ಅದರೊಳಗಿನ ಮ್ಯಾಟ್ರಿಸಿನ್ ಹಬೆಯ ಬಿಸಿಗೆ ಕ್ಯಾಮಜುಲಿನ್ ಆಗಿ ಬಣ್ಣ ಬರುತ್ತದೆ.

ಆದ್ದರಿಂದ ಯಾರಾದರೂ 10 ಮಿ.ಲೀ. ‘ಶುದ್ಧ ಏಲಕ್ಕಿ ಎಣ್ಣೆ’ಯನ್ನು 150 ರೂಪಾಯಿಗೆ ಕೊಟ್ಟರೆ, ಅದೇ ಅಂಗಡಿಯಲ್ಲಿ 180 ಗ್ರಾಂ ಏಲಕ್ಕಿಗೆ ಎಷ್ಟು ಎಂದು ಕೇಳಿ ನೋಡಿ.