ಅನ್ಯೋನ್ಯಾಶ್ರಯವೂ ಮೈಟೋಕಾಂಡ್ರಿಯದ ದ್ವಾರವೂ

ಬೇವೂರಿನ ಹೊಲದ ಜೋಳದಲ್ಲಿಯೂ ಅದನ್ನು ಕೊಯ್ಯುವವರ ಶರೀರದಲ್ಲಿಯೂ ಜೀವಕೋಶಕ್ಕೆ ಶಕ್ತಿಯನ್ನೊದಗಿಸುವ ಮೈಟೋಕಾಂಡ್ರಿಯಗಳೆಂಬ ಸೂಕ್ಷ್ಮಾಂಗಗಳಿವೆ. ಇವು ನೂರೈವತ್ತು ಕೋಟಿ ವರ್ಷಗಳ ಹಿಂದೆಯೇ ಅನ್ಯಕೋಶವೊಂದನ್ನು ಸೇರಿ ಅಲ್ಲಿಯೇ ನೆಲಸಿದ ಬ್ಯಾಕ್ಟೀರಿಯದ ಸಂತತಿ. ಕಾಲಕ್ರಮದಲ್ಲಿ ಅವುಗಳ ಜೀನುಗಳಲ್ಲಿ ಹಲವು ನಷ್ಟವಾದುವು, ಹಲವು ಆಶ್ರಯಕೋಶದ ಕೇಂದ್ರವನ್ನು ಸೇರಿದುವು. ಮನುಷ್ಯನಲ್ಲಿ ಈಗ ಒಳಗೆ ಉಳಿದಿರುವುದು ೧೩ ಪ್ರೋಟೀನುಗಳ ಜೀನುಗಳು ಮಾತ್ರ. ಮಿಕ್ಕ ಸಾವಿರದಷ್ಟು ಪ್ರೋಟೀನುಗಳು ಹೊರಗೆ ನಿರ್ಮಿತವಾಗಿ ಒಳಗೆ ಬರತಕ್ಕವು.

ಇಲ್ಲಿ ನೈಯಾಯಿಕರು ಅನ್ಯೋನ್ಯಾಶ್ರಯವೆನ್ನುವ ದೋಷ ತಲೆದೋರುತ್ತದೆ. ದ್ವಾರವಿಲ್ಲದೆ ಜೀನು ಹೊರಗೆ ಹೋಗಿ ಫಲವಿಲ್ಲ. ಜೀನು ಹೊರಗೆ ಹೋಗದೆ ದ್ವಾರಕ್ಕೆ ಪ್ರಯೋಜನವಿಲ್ಲ.

ಮೊದಲು ಪ್ರವೇಶದ ಗುರುತನ್ನು ವಿಚಾರಿಸಬೇಕು. ಒಳಸೇರುವ ಪ್ರೋಟೀನುಗಳಲ್ಲಿ ಅನೇಕಕ್ಕೆ ಆದಿಯಲ್ಲಿ ಧನವಿದ್ಯುತ್ತುಳ್ಳ ಪೂರ್ವಖಂಡವೊಂದಿರುತ್ತದೆ. ‘ಕ್ತ’ ಪ್ರತ್ಯಯದ ಕಕಾರವು ಇತ್ಸಂಜ್ಞೆಯನ್ನು ಹೊಂದಿ, ಗುಣವನ್ನು ತಡೆದು, ‘ಕೃತ’ ಎಂಬ ರೂಪದಲ್ಲಿ ತಾನು ಉಳಿಯದಿರುವಂತೆ, ಈ ಪೂರ್ವಖಂಡವೂ ದಾರಿ ತೋರಿಸಿ ಲೋಪವಾಗುತ್ತದೆ. ಒಳಗಿನ ಕಿಣ್ವವೊಂದು ಅದನ್ನು ಕತ್ತರಿಸುವುದು. ಇಂಥ ಗುರುತು ದುರ್ಲಭವೆಂದು ತೋರಿದರೂ ಹಾಗಲ್ಲ. ೧೯೮೭ರಲ್ಲಿ ಬೇಕರ್ ಮತ್ತು ಷಾಟ್ಸ್ ಎಂಬವರು, ಪೂರ್ವಖಂಡವು ಊನವಾದ ಯೀಸ್ಟಿನ ಪ್ರೋಟೀನೊಂದಕ್ಕೆ ಬ್ಯಾಕ್ಟೀರಿಯದ ಡಿ.ಎನ್.ಎ.ಯ ತುಣುಕುಗಳನ್ನು ಆಯ್ಕೆಯಿಲ್ಲದೆ ಜೋಡಿಸಿದಾಗ, ಕೆಲವು ತುಣುಕುಗಳು ಅದನ್ನು ಒಳಗೆ ಒಯ್ದುವು!

ದ್ವಾರವಾದರೂ ಒಮ್ಮೆಲೇ ಹುಟ್ಟಿದುದಲ್ಲ. ಹೊರಪೊರೆಯ ಸ್ಯಾಮ್ ೫೦ ಬ್ಯಾಕ್ಟೀರಿಯದ ಬ್ಯಾಮ್-ಎ ಎಂಬುದರ ಸಗೋತ್ರ. ಒಳಗಿನಿಂದ ಎಳೆದುಕೊಳ್ಳುವ ಎಚ್‌ಎಸ್‌ಪಿ ೭೦ ಕೂಡ ಪಿತ್ರಾರ್ಜಿತವೇ. ಒಳಪೊರೆಯ ಟಿಮ್ ೪೪, ಟಿಮ್ ೧೪ ಎಂಬುವನ್ನು ಹೋಲುವ ಪ್ರೋಟೀನುಗಳು ಮೈಟೋಕಾಂಡ್ರಿಯದ ಜ್ಞಾತಿಯಾದ ಕಾಲೋಬ್ಯಾಕ್ಟರಿನಲ್ಲಿಯೂ ಇರುವುದನ್ನು ೨೦೦೯ರಲ್ಲಿ ಪ್ರಕಟಪಡಿಸಿದರು. ಅಲ್ಲಿ ಅವು ದ್ವಾರಪಾಲಕರಲ್ಲ. ಅಲ್ಪ ವಿಕಾರದಿಂದ ಈ ಕೆಲಸಕ್ಕೆ ಒದಗಬಲ್ಲವು. ಹೊರಪೊರೆಯ ಹೆಬ್ಬಾಗಿಲಾದ ಟಾಮ್ ೪೦ಕ್ಕೆ ಮಾತ್ರ ನಿರ್ವಿವಾದನಾದ ಪೂರ್ವಜನು ದೊರೆತಿಲ್ಲ.

ದೋಷಪರಿಹಾರಕ್ಕೆ ಇನ್ನೊಂದು ಅಂಶ ಮುಖ್ಯ. ಕೇಂದ್ರಕ್ಕೆ ಹೋದದ್ದು ಜೀನಿನ ಪ್ರತಿ. ಮೂಲವು ಒಳಗೇ ಇತ್ತು. ಪ್ರತಿಯಿಂದಾದ ಪ್ರೋಟೀನು ಒಳಸೇರದಿದ್ದರೂ ಕೋಶಕ್ಕೆ ಹಾನಿಯಿಲ್ಲ. ಅರೆತೆರೆದ ದ್ವಾರದಲ್ಲಿ ಸ್ವಲ್ಪ ಸೇರಿದರೂ ಲಾಭ. ಅದು ಚೆನ್ನಾಗಿ ಸೇರತೊಡಗಿದ ಮೇಲೆಯೇ ಮೂಲವು ಕಳೆದುಹೋಗಬಹುದು. ಹೀಗೆ ಒಂದು ಇನ್ನೊಂದಕ್ಕಾಗಿ ಕಾಯಬೇಕಾಗಿರಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ಯಾಟ್ರಿಕ್ ಡಿಸಿಲ್ವ ಅವರೂ ಶಿಷ್ಯರೂ ಈ ಯಂತ್ರವನ್ನು ಯೀಸ್ಟಿನಲ್ಲಿಯೂ ಮಾನವಕೋಶಗಳಲ್ಲಿಯೂ ಪರಿಶೋಧಿಸಿದ್ದಾರೆ. ಟಿಮ್ ೧೪ಕ್ಕೆ ಸಮಾನವಾದುವು ಮನುಷ್ಯನಲ್ಲಿ ಎರಡು: ಡಿಎನ್‌ಎಜೆಸಿ ೧೯ ಮತ್ತು ಡಿಎನ್‌ಎಜೆಸಿ ೧೫. ಮೊದಲನೆಯದರ ಜೀನು ಕೆಟ್ಟ ಮಕ್ಕಳಲ್ಲಿ ಹೃದಯದ ಮಾಂಸವು ದುರ್ಬಲವಾಗುತ್ತದೆ, ನಡಿಗೆಯೂ ತಪ್ಪುತ್ತದೆ.