ಒಂದು ಸರಕು, ಹಲವು ವರ್ಗ: ಆನ್‌ಲೈನ್ ಮಳಿಗೆಯ ದತ್ತಸಂಚಯ ಮತ್ತು ನಮ್ಮ ಸೂಚಿಗಳು

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಾವು ಅಂಗಡಿಯ ಸರಕುಪಟ್ಟಿಯನ್ನು ಕುರಿತು ಬರೆಯುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಹೊರರಾಜ್ಯಗಳಲ್ಲಿದ್ದುಕೊಂಡು ಕನ್ನಡದ ಗ್ರಂಥಸೂಚಿ, ಹಸ್ತಪ್ರತಿಸೂಚಿಗಳನ್ನು ಗಣಕಕ್ಕೆ ಅಳವಡಿಸುವ ಸಂಶೋಧಕರಿಗೂ ಆನ್‌ಲೈನ್ ಮಳಿಗೆಯ ವ್ಯಾಪಾರಿಗೂ ಎದುರಾಗುವ ಮೊದಲ ತೊಡಕು ಒಂದೇ ಆಗಿದೆ: ಒಂದಕ್ಕಿಂತ ಹೆಚ್ಚು ವರ್ಗಗಳಿಗೆ ಸಲ್ಲುವ ವಸ್ತುವನ್ನು ಎಲ್ಲಿ ಇಡಬೇಕು? ಅಂಗಡಿಯ ಉದಾಹರಣೆ ಸರಳವಾದುದರಿಂದ ಅಲ್ಲಿಂದಲೇ ಆರಂಭಿಸುತ್ತೇವೆ.

1

ಮುಂಬಯಿಯ ಪಶ್ಚಿಮ ಉಪನಗರವಾದ ಬೊರಿವಲಿಯಲ್ಲಿ ಕನ್ನಡ, ತುಳು, ಕೊಂಕಣಿ, ಮರಾಠಿ, ಗುಜರಾತಿ ಮನೆಮಾತಿನ ಜನ ನೆರೆಹೊರೆಯಲ್ಲಿ ಬಾಳುತ್ತಾರೆ. ಕರಾವಳಿಯ ಕುಟುಂಬಗಳಿಗಾಗಿ ಕುಚ್ಚಲಕ್ಕಿ, ಒಣಮೆಣಸಿನಕಾಯಿ, ಹಲಸಿನ ಹಪ್ಪಳ, ತೆಂಗಿನೆಣ್ಣೆಗಳನ್ನು ತರಿಸುವ ಮಂಗಳೂರು ಸಾಮಾನಿನ ಅಂಗಡಿಗಳು ಮುಂಬಯಿ ಕನ್ನಡಿಗರಿಗೆ ಚಿರಪರಿಚಿತ. ಬೊರಿವಲಿಯ ಅಂಥದೊಂದು ಅಂಗಡಿ ತನ್ನ ಸರಕನ್ನೆಲ್ಲ ಆನ್‌ಲೈನ್ ಮಳಿಗೆಗೆ ಏರಿಸುತ್ತದೆಂದು ಭಾವಿಸೋಣ.

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಸಂಬಾರ ಪದಾರ್ಥ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದುದರಿಂದ ಕರ್ನಾಟಕದ ವಿಶಿಷ್ಟ ಉತ್ಪನ್ನವೂ ಹೌದು. ತೆಂಗಿನಕಾಯಿ ಅಡುಗೆಗೂ ಬೇಕು, ಪೂಜೆಗೂ ಬೇಕು. ಶೇಂಗಾ ಎಣ್ಣೆಕಾಳು, ಮರಾಠಿ ಮನೆಯಲ್ಲಿ ಅದು ಉಪವಾಸದ ತಿನಿಸೂ ಹೌದು. ಅಂಗಡಿಯ ಕಟ್ಟೆಯ ಮೇಲೆ ಇದು ಸಮಸ್ಯೆಯೇ ಅಲ್ಲ; ಏಕೆಂದರೆ ಯಾರು ಏನನ್ನು ಕೇಳಿದರೂ ಅಂಗಡಿಯವನ ನೆನಪು ಅದನ್ನು ಹುಡುಕಿ ಕೊಡುತ್ತದೆ. ಪರದೆಯ ಮುಂದೆ ಕುಳಿತ ಗ್ರಾಹಕನಿಗೆ ಆ ನೆನಪಿನ ನೆರವಿಲ್ಲ. ‘ಪೂಜಾ ಸಾಮಗ್ರಿ’ಯ ಕೆಳಗೆ ತೆಂಗಿನಕಾಯಿ ಕಾಣದಿದ್ದರೆ ಅವನ ಪಾಲಿಗೆ ಅದು ಅಂಗಡಿಯಲ್ಲೇ ಇಲ್ಲ.

2

ಈ ತೊಡಕಿಗೆ ಸಾಮಾನ್ಯವಾಗಿ ಮೂರು ಸುಲಭೋಪಾಯಗಳನ್ನು ಹೂಡಲಾಗುತ್ತದೆ. ಮೂರೂ ಮುಂದೆ ಕೈಕೊಡುವಂಥವು.

ಮೊದಲನೆಯದು, ಸರಕಿನ ಸಾಲಿನಲ್ಲಿಯೇ ‘ವರ್ಗ ಒಂದು’, ‘ವರ್ಗ ಎರಡು’, ‘ವರ್ಗ ಮೂರು’ ಎಂದು ಅಂಕಣಗಳನ್ನು ತೆರೆಯುವುದು. ನಾಲ್ಕನೆಯ ವರ್ಗ ಬಂದ ದಿನ ಇಡೀ ಕೋಷ್ಟಕವನ್ನು ತಿದ್ದಬೇಕಾಗುತ್ತದೆ. ಹುಡುಕುವಾಗಲೂ ಪ್ರತಿ ಅಂಕಣವನ್ನು ಬೇರೆಬೇರೆಯಾಗಿ ನೋಡಬೇಕಾಗುತ್ತದೆ. ಎರಡನೆಯದು, ಒಂದೇ ಅಂಕಣದಲ್ಲಿ ಅಲ್ಪವಿರಾಮಗಳ ನಡುವೆ ವರ್ಗಸಂಖ್ಯೆಗಳನ್ನೆಲ್ಲ ತುಂಬುವುದು. ಇಲ್ಲಿ 1 ಎಂಬ ವರ್ಗವನ್ನು ಅರಸಿದರೆ 11, 21 ಕೂಡ ಕೈಗೆ ಸಿಕ್ಕುವ ಅಪಾಯವಿದೆ. ಮೂರನೆಯದು, ಸರಕನ್ನೇ ಎರಡು ಬಾರಿ ನಮೂದಿಸುವುದು. ಅಡುಗೆಯ ವರ್ಗದಲ್ಲೊಂದು ತೆಂಗಿನಕಾಯಿ, ಪೂಜೆಯ ವರ್ಗದಲ್ಲೊಂದು ತೆಂಗಿನಕಾಯಿ. ನಾಳೆ ಬೆಲೆ ಏರಿದಾಗ ಒಂದು ನಮೂದನ್ನು ತಿದ್ದಿ ಇನ್ನೊಂದನ್ನು ಮರೆತರೆ ಒಂದೇ ಕಾಯಿಗೆ ಎರಡು ಬೆಲೆ.

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ಮೂರನೆಯ ದೋಷವನ್ನು ವಿವರಿಸಬೇಕಾಗಿಲ್ಲ. ಒಂದು ಪ್ರತಿ ಎರಡಾದೊಡನೆ ಪಾಠಾಂತರ ಹುಟ್ಟುತ್ತದೆ. ಅನಂತರ ಯಾವುದು ಮೂಲ, ಯಾವುದು ಲಿಪಿಕಾರದೋಷ ಎಂದು ನಿರ್ಣಯಿಸುವ ಕೆಲಸ ಉಳಿಯುತ್ತದೆ.

3

ಸರಿಯಾದ ವಿಧಾನದಲ್ಲಿ ಮೂರು ಕೋಷ್ಟಕಗಳಿರುತ್ತವೆ. ಮೊದಲನೆಯದರಲ್ಲಿ ಸರಕುಗಳು: ಪ್ರತಿಯೊಂದಕ್ಕೂ ಒಂದೇ ಸಾಲು, ಒಂದು ಸಂಖ್ಯೆ, ಹೆಸರು, ಬೆಲೆ, ದಾಸ್ತಾನು. ಎರಡನೆಯದರಲ್ಲಿ ವರ್ಗಗಳು: ಪ್ರತಿ ವರ್ಗಕ್ಕೂ ಒಂದು ಸಂಖ್ಯೆ, ಹೆಸರು, ಮತ್ತು ಅದು ಬೇರೊಂದರ ಉಪವರ್ಗವಾಗಿದ್ದರೆ ಆ ಮೇಲ್ವರ್ಗದ ಸಂಖ್ಯೆ. ಮೂರನೆಯದು ಕೊಂಡಿಯ ಕೋಷ್ಟಕ. ಇದರ ಪ್ರತಿ ಸಾಲಿನಲ್ಲಿ ಸರಕಿನ ಸಂಖ್ಯೆ, ವರ್ಗದ ಸಂಖ್ಯೆ ಇವೆರಡೇ. ತೆಂಗಿನಕಾಯಿಯ ಸಂಖ್ಯೆ 17, ಅಡುಗೆಯ ವರ್ಗ 2, ಪೂಜೆಯ ವರ್ಗ 5 ಎಂದಿಟ್ಟುಕೊಂಡರೆ ಇಲ್ಲಿ 17–2, 17–5 ಎಂಬ ಎರಡು ಸಾಲುಗಳಿರುತ್ತವೆ. ಒಂದೇ ಜೋಡಿ ಎರಡು ಬಾರಿ ಬರಕೂಡದೆಂಬ ನಿಯಮವನ್ನು ದತ್ತಸಂಚಯಕ್ಕೇ ವಿಧಿಸಬೇಕು.

ಹೀಗೆ ಮಾಡಿದಾಗ ಬೆಲೆ ಒಂದೇ ಕಡೆ ಇರುತ್ತದೆ. ಸರಕು ಹತ್ತು ಕಡೆ ಕಾಣುತ್ತದೆ. ಗಣೇಶ ಚತುರ್ಥಿಗೆಂದು ಹೊಸ ವರ್ಗವೊಂದನ್ನು ತೆರೆದು, ಹಬ್ಬ ಮುಗಿದ ಮೇಲೆ ತೆಗೆದುಹಾಕಿದರೆ ಕೊಂಡಿಗಳಷ್ಟೇ ಅಳಿಯುತ್ತವೆ, ಸರಕು ಉಳಿಯುತ್ತದೆ. ಎಡ್ಗರ್ ಕಾಡ್ ಅವರು 1970ರಲ್ಲಿ ಮಂಡಿಸಿದ ಸಂಬಂಧಾತ್ಮಕ ಮಾದರಿಯೇ ಈ ವ್ಯವಸ್ಥೆಯ ತಳಹದಿ.

ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಬೇಕು. ವರ್ಗವಾರು ಸಂಖ್ಯೆಗಳನ್ನು ಕೂಡಿದರೆ ಒಟ್ಟು ಸರಕಿನ ಸಂಖ್ಯೆ ದೊರೆಯದು. ಎರಡು ವರ್ಗದಲ್ಲಿರುವುದು ಎರಡು ಬಾರಿ ಎಣಿಕೆಗೆ ಬರುತ್ತದೆ. ಹಾಗೆಯೇ ಹೆಸರನ್ನು ವರ್ಗವೆಂದು ಭ್ರಮಿಸಬಾರದು. ಕನ್ನಡದ ಕುಚ್ಚಲಕ್ಕಿಯೇ ಮರಾಠಿಯ ಉಕಡಾ ತಾಂದೂಳ. ಮೆಣಸಿನಕಾಯಿ ತುಳುವಿನಲ್ಲಿ ಮುಂಚಿ, ಮರಾಠಿಯಲ್ಲಿ ಮಿರಚಿ. ‘ಮೆಣಸು’ ಎಂಬ ಪದವಂತೂ ಹಳಗನ್ನಡದಲ್ಲಿ ಕರಿಮೆಣಸನ್ನೇ ಸೂಚಿಸುತ್ತಿದ್ದು, ಕರಾವಳಿಯ ಮನೆಮಾತಿನಲ್ಲಿ ಇಂದು ಒಣಮೆಣಸಿನಕಾಯಿಗೂ ಸಲ್ಲುತ್ತದೆ. ಪರ್ಯಾಯನಾಮಗಳಿಗೆ ಪ್ರತ್ಯೇಕ ಕೋಷ್ಟಕವೊಂದು ಅವಶ್ಯ.

4

ಸಮಸ್ಯೆ ಹೊಸದಲ್ಲ. 13ನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ದಲ್ಲಿ ಪೂರ್ವಕವಿಗಳ ಪದ್ಯಗಳನ್ನು ಸಮುದ್ರ, ಪರ್ವತ, ಋತು, ಚಂದ್ರೋದಯ ಮೊದಲಾದ ವರ್ಣನೆಗಳಿಗೆ ಅನುಸಾರವಾಗಿ ಜೋಡಿಸಿದನು. ಕಡಲ ಮೇಲೆ ಚಂದ್ರನು ಮೂಡುವ ಪದ್ಯವನ್ನು ಯಾವ ವರ್ಣನೆಗೆ ಸೇರಿಸಬೇಕು? 15ನೆಯ ಶತಮಾನದ ಸಂಕಲನಕಾರರು ವಚನಗಳನ್ನು ಷಟ್‌ಸ್ಥಲಕ್ಕೂ ಮಹಾಲಿಂಗದೇವನಂತೆ ನೂರೊಂದು ಸ್ಥಲಗಳಿಗೂ ಹೊಂದಿಸಿದಾಗ ಇದೇ ಪ್ರಶ್ನೆಯನ್ನು ಎದುರಿಸಿದ್ದಾರೆ. ಒಂದೇ ವಚನ ಬೇರೆಬೇರೆ ಸಂಕಲನಗಳಲ್ಲಿ ಬೇರೆಬೇರೆ ಸಂದರ್ಭಗಳಲ್ಲಿ ನಿಂತಿರುವುದನ್ನು ಪ್ರಮಾದವೆಂದು ತಳ್ಳಿಹಾಕುವಂತಿಲ್ಲ. ಪ್ರತಿಯೊಂದು ನೆಲೆಯೂ ಒಂದು ಓದು. ಓಲೆಗರಿಯಲ್ಲಿ ಎರಡು ಕಡೆ ಇಡಬೇಕಾದರೆ ಎರಡು ಬಾರಿ ಬರೆಯಲೇಬೇಕಾಗಿತ್ತು. ನಮಗೆ ಆ ನಿರ್ಬಂಧವಿಲ್ಲ. ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ದ್ವಿಬಿಂದು ವರ್ಗೀಕರಣ ಒಂದು ಗ್ರಂಥವನ್ನು ಹಲವು ಮುಖಗಳಿಂದ ವಿಶ್ಲೇಷಿಸಲು ಕಲಿಸಿತು. ಆದರೂ ಕಪಾಟಿನಲ್ಲಿ ಗ್ರಂಥಕ್ಕೆ ಒಂದೇ ಸ್ಥಾನ. ಕೊಂಡಿಯ ಕೋಷ್ಟಕದಲ್ಲಿ ಆ ಮಿತಿಯೂ ಇಲ್ಲ.

5

ಹೊರನಾಡಿನ ಸಂಶೋಧಕರಿಗೆ ಇದು ಕೇವಲ ತಾಂತ್ರಿಕ ವಿಷಯವಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಕನ್ನಡ ಕಾದಂಬರಿ, ಮುಂಬಯಿಯ ಕಾದಂಬರಿ, ಉದ್ಯಮಲೋಕದ ಕಾದಂಬರಿ. ಅದನ್ನು ‘ಹೊರನಾಡ ಸಾಹಿತ್ಯ’ ಎಂಬ ಒಂದೇ ವರ್ಗಕ್ಕೆ ಕಟ್ಟಿಹಾಕಿದ ಸೂಚಿಯಲ್ಲಿ ಕನ್ನಡ ಕಾದಂಬರಿಯ ಇತಿಹಾಸವನ್ನು ಅರಸುವ ವಿದ್ಯಾರ್ಥಿಗೆ ಅದು ಕಾಣುವುದಿಲ್ಲ. ‘ಕನ್ನಡ’ ಎಂಬ ಒಂದೇ ವರ್ಗಕ್ಕೆ ಸೇರಿಸಿದರೆ ಮುಂಬಯಿಯ ಸಾಹಿತ್ಯವನ್ನು ಅಭ್ಯಸಿಸುವ ಮರಾಠಿ ವಿದ್ವಾಂಸನಿಗೆ ಕಾಣುವುದಿಲ್ಲ. ಎರಡು ನಾಡುಗಳಿಗೆ ಸೇರಿದ ಕೃತಿ ಹೀಗೆ ಎರಡೂ ಕಡೆ ಇಲ್ಲವಾಗುತ್ತದೆ.

ಆದುದರಿಂದ ಸೂಚಿಯನ್ನು ಆರಂಭಿಸುವ ಮೊದಲೇ ಕೃತಿಗೊಂದು, ವರ್ಗಕ್ಕೊಂದು, ಅವುಗಳ ಸಂಬಂಧಕ್ಕೊಂದು ಎಂದು ಮೂರು ಕೋಷ್ಟಕಗಳನ್ನು ಬೇರ್ಪಡಿಸಿಕೊಳ್ಳುವುದು ಒಳ್ಳೆಯದೆಂದು ನಾವು ಸೂಚಿಸುತ್ತೇವೆ. ಸಾವಿರಾರು ನಮೂದುಗಳಾದ ಮೇಲೆ ಬೇರ್ಪಡಿಸುವುದು ಕಷ್ಟಸಾಧ್ಯ. ಬೊರಿವಲಿಯ ತೆಂಗಿನಕಾಯಿಗೆ ಸಲ್ಲುವ ಸೌಲಭ್ಯ ನಮ್ಮ ಕೃತಿಗಳಿಗೂ ಸಲ್ಲಬೇಕಲ್ಲವೆ?