90 ಕೋಟಿ ವರ್ಷದ ಕಲ್ಲಿನಲ್ಲಿ ಒಂದು ಮಧ್ಯಾಹ್ನದ ಹೊಳೆ

ಬಾದಾಮಿಯ ಮೂರನೆಯ ಗುಹೆಗೆ ಹೋದವರ ಕಣ್ಣು ಮೊದಲು ನೆಡುವುದು ಆದಿಶೇಷನ ಮೇಲೆ ಕುಳಿತ ವಿಷ್ಣುವಿನ ಮೇಲೆ. ನೆಡಲೇಬೇಕು. ಚಾಲುಕ್ಯ ಮಂಗಳೇಶ ಕ್ರಿ.ಶ. 578ರಲ್ಲಿ ಮಾಡಿಸಿದ ಗುಹೆ ಅದು. ತೇದಿ ಹೇಳುವ ಶಾಸನ ಅಲ್ಲೇ ಇದೆ. ಆದರೆ ಇನ್ನೊಮ್ಮೆ ಹೋದಾಗ ಉಳಿ ಮುಟ್ಟದ ಬಂಡೆಯನ್ನೂ ನೋಡಿ. ಮೆಟ್ಟಿಲ ಪಕ್ಕದಲ್ಲಿ, ಗುಹೆಯ ಬಾಯಿಯ ಮೇಲೆ, ಅಗಸ್ತ್ಯತೀರ್ಥದ ಕೆರೆಯ ಸುತ್ತ ನೆಟ್ಟಗೆ ನಿಂತ ಕೆಂಪು ಕಲ್ಲಿನಲ್ಲಿ ಒಂದರ ಮೇಲೊಂದು ಮಲಗಿದ ಪದರಗಳಿವೆ. ಇನ್ನೂ ಹತ್ತಿರ ಹೋಗಿ. ಪದರದ ಒಳಗೇ ಓರೆಯಾಗಿ ಇಳಿಯುವ ಸಣ್ಣ ಗೆರೆಗಳ ಸಾಲು ಕಾಣುತ್ತದೆ, ಎಲ್ಲವೂ ಒಂದೇ ಕಡೆಗೆ ಬಾಗಿ, ಒಂದರ ಹಿಂದೆ ಒಂದು. ಯಾವ ಶಿಲ್ಪಿಯೂ ಕೆತ್ತಿದ್ದಲ್ಲ. ಹರಿಯುವ ನೀರು ಬಿಟ್ಟುಹೋದ ಗುರುತು ಅದು! ಸುಮಾರು 90 ಕೋಟಿ ವರ್ಷಗಳ ಹಿಂದೆ ಇಲ್ಲಿ ಹೊಳೆ ಹರಿದಿತ್ತು, ಯಾವ ಕಡೆಗೆ ಹರಿದಿತ್ತು ಎಂಬುದನ್ನು ನೀವು ಇವತ್ತು ಬೆರಳು ಮಾಡಿ ತೋರಿಸಬಹುದು.

ಹೇಗೆ ಎಂದಿರಾ? ತುಂಬಿ ಹರಿಯುವ ಹೊಳೆಯ ತಳದಲ್ಲಿ ಮರಳು ಸಪಾಟಾಗಿ ಮಲಗಿರುವುದಿಲ್ಲ. ನೀರಿನ ಸೆಳೆತಕ್ಕೆ ದಿನ್ನೆ ದಿನ್ನೆಯಾಗಿ ಏಳುತ್ತದೆ. ನೀರು ಬರುವ ಕಡೆಯ ಏರು ಹದವಾದದ್ದು. ಕಣಗಳು ಉರುಳುತ್ತ ಜಿಗಿಯುತ್ತ ಅದನ್ನು ಹತ್ತಿ ನೆತ್ತಿಗೆ ಬರುತ್ತವೆ. ಆಚೆಗೆ ಕಡಿದಾದ ಇಳಿಜಾರು. ನೆತ್ತಿಯಲ್ಲಿ ಮರಳು ಕೂಡಿ ಕೂಡಿ, ತಾಳಲಾರದೆ ಜಾರುತ್ತದೆ. ಒಂದು ಸಲ ಜಾರಿದರೆ ಒಂದು ಓರೆಗೆರೆ. ಮತ್ತೆ ಕೂಡುತ್ತದೆ, ಮತ್ತೆ ಜಾರುತ್ತದೆ, ಇನ್ನೊಂದು ಗೆರೆ. ಹೀಗೆ ಇಡೀ ದಿನ್ನೆಯೇ ಹೊಳೆಯ ಜೊತೆ ಮುಂದಕ್ಕೆ ನಡೆಯುತ್ತದೆ. ಬಾದಾಮಿಯ ಬಂಡೆಯಲ್ಲಿ ಕಾಣುವ ಒಂದೊಂದು ಓರೆಗೆರೆಯೂ ಅಂಥ ಒಂದು ಜಾರಿಕೆ. ಕ್ಷಣಗಳ ಕೆಲಸ! ಒಂದು ಗೇಣು ಎತ್ತರದ ಸಾಲು ಮೂಡುವುದಕ್ಕೆ ಒಂದು ಮಧ್ಯಾಹ್ನ ಸಾಕು. ಆಮೇಲೆ ಬಂದ ನೆರೆ ದಿನ್ನೆಯ ನೆತ್ತಿಯನ್ನು ಸವರಿಕೊಂಡು ಹೋಗುತ್ತದೆ, ಬುಡ ಉಳಿಯುತ್ತದೆ. ಆದ್ದರಿಂದಲೇ ಈ ಗೆರೆಗಳು ಮೇಲ್ಗಡೆ ಥಟ್ಟನೆ ತುಂಡಾಗುತ್ತವೆ, ಕೆಳಗಡೆ ನಯವಾಗಿ ಬಾಗಿ ತಳಕ್ಕೆ ಸೇರುತ್ತವೆ. ನೆಲದೊಳಗಿನ ಒತ್ತಡಕ್ಕೆ ಸಿಕ್ಕಿ ಬಂಡೆ ತಲೆಕೆಳಗಾಗಿದ್ದರೂ ಈ ಒಂದು ಗುರುತು ಸಾಕು, ಹುಟ್ಟಿದಾಗ ಅದರ ಮೇಲ್ಮೈ ಯಾವುದಿತ್ತೆಂದು ಭೂವಿಜ್ಞಾನಿಗಳು ಹೇಳಿಬಿಡುತ್ತಾರೆ.

ಈ ಕಲ್ಲಿಗೆ ಅವರಿಟ್ಟ ಹೆಸರೇ ‘ಕೇವ್ ಟೆಂಪಲ್ ಅರೆನೈಟ್’. ಅಂದರೆ ಗುಹಾಲಯದ ಮರಳುಗಲ್ಲು. ಕೋಟಿಗಟ್ಟಲೆ ವರ್ಷ ಹಳೆಯ ಕಲ್ಲಿಗೆ ಮೊನ್ನೆ ಮೊನ್ನೆ ಬಂದ ಚಾಲುಕ್ಯರ ಗುಡಿಗಳಿಂದ ಹೆಸರು! ಪಟ್ಟದಕಲ್ಲು, ಐಹೊಳೆಗಳ ಗುಡಿಗಳೂ ಇದೇ ಮರಳುಗಲ್ಲಿನವು.

ಆ ಹೊಳೆಯನ್ನು ಈಗ ಕಣ್ಣ ಮುಂದೆ ತಂದುಕೊಳ್ಳಿ. ದಂಡೆಯಲ್ಲಿ ಮರವಿಲ್ಲ. ಹುಲ್ಲಿಲ್ಲ. ಪಾಚಿಯಂಥ ಸಣ್ಣ ಜೀವಿಗಳನ್ನು ಬಿಟ್ಟರೆ ನೆಲ ಪೂರ್ತಿ ಬೋಳು, ಏಕೆಂದರೆ ನೆಲದ ಮೇಲೆ ಗಿಡ ಹುಟ್ಟಿದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ ಮಾತ್ರ. ಬೇರಿಲ್ಲದ ಮಣ್ಣಿಗೆ ದಂಡೆಯಾಗಿ ನಿಲ್ಲುವ ಬಲ ಎಲ್ಲಿಂದ ಬರಬೇಕು? ಹೊಳೆ ಸಿಕ್ಕಸಿಕ್ಕಲ್ಲಿ ಒಡೆದು ಹತ್ತಾರು ಸೀಳುಗಳಾಗಿ, ಜಡೆ ಹೆಣೆದು ಬಿಚ್ಚಿ ಮತ್ತೆ ಹೆಣೆದು, ಮೈಲಿಗಟ್ಟಲೆ ಮರಳು ಹಾಸುತ್ತ ಸಾಗಿತ್ತು. ಇಂದಿನ ಮಲಪ್ರಭೆಯನ್ನು ನೋಡಿ ಅಂದಿನ ಹೊಳೆಯನ್ನು ಊಹಿಸಲು ಸಾಧ್ಯವೇ ಇಲ್ಲ.

ಅಷ್ಟೊಂದು ಮರಳು ಬಂದದ್ದು ಎಲ್ಲಿಂದ? ನನಗೆ ಇಡೀ ಕಥೆಯಲ್ಲಿ ಮೈ ಜುಮ್ಮೆನಿಸುವ ಭಾಗ ಇದೇ. ಧಾರವಾಡ ಶಿಲಾಸೀಮೆಯ ಗ್ರಾನೈಟು, ನೈಸುಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆನೀರು ತುಸು ಹುಳಿ. ಆ ಹುಳಿ ಗ್ರಾನೈಟಿನ ಫೆಲ್ಡ್‌ಸ್ಪಾರನ್ನು ಮೆತ್ತಗೆ ಮಾಡಿ ಜೇಡಿಯಾಗಿಸುತ್ತದೆ. ಆದರೆ ಬೆಣಚುಕಲ್ಲಿನ ಕಣ ಜಗ್ಗುವುದಿಲ್ಲ. ಸುತ್ತಲಿನದೆಲ್ಲ ಕರಗಿ ಹೋದ ಮೇಲೆ ಅದು ಉದುರುತ್ತದೆ, ಅದೇ ಮರಳು. ಆಮೇಲೆ ಹೊಳೆಯ ಸರದಿ. ನಮ್ಮ ಹೆಣ್ಣುಮಕ್ಕಳು ಮೊರದಲ್ಲಿ ಕೇರಿ ಕಾಳು ಬೇರೆ, ಹೊಟ್ಟು ಬೇರೆ ಮಾಡುವ ಹಾಗೆ ನೀರು ಕಣಗಳನ್ನು ತೂಕ ನೋಡಿ ಬೇರ್ಪಡಿಸುತ್ತದೆ: ಸೆಳೆತ ಕುಂದಿದೊಡನೆ ಗುಂಡುಗಲ್ಲು ಮೊದಲು ಕೂರುತ್ತದೆ, ಮುಂದೆ ಮರಳು, ಇನ್ನೂ ಮುಂದೆ ನಿಂತ ನೀರಿನಲ್ಲಿ ಜೇಡಿ. ಗುಂಡುಗಲ್ಲಿನ ಶಿಲೆ ಕಂಡರೆ ರಭಸದ ನೀರು, ಜೇಡಿಶಿಲೆ ಕಂಡರೆ ಶಾಂತವಾದ ನೀರು. ಒಂದು ಗುಡ್ಡದಲ್ಲಿ ಇವೆರಡೂ ಮೇಲೆ ಕೆಳಗೆ ಇದ್ದರೆ, ಅಲ್ಲಿನ ನೀರೇ ಕಾಲಕಾಲಕ್ಕೆ ಸ್ವಭಾವ ಬದಲಿಸಿತ್ತು ಎಂದರ್ಥ.

ಮರಳಿನ ನಡುವೆ ಅಲ್ಲೊಂದು ಇಲ್ಲೊಂದು ಜಿರ್ಕಾನ್ ಎಂಬ ಹರಳಿನ ಕಣವೂ ಇರುತ್ತದೆ. ಅದರೊಳಗೆ ಚೂರು ಯುರೇನಿಯಂ, ಅದು ಗೊತ್ತಾದ ವೇಗದಲ್ಲಿ ಸೀಸವಾಗುತ್ತ ಬರುತ್ತದೆ. ಎರಡನ್ನೂ ಅಳೆದರೆ ಹರಳು ಹುಟ್ಟಿದ ಕಾಲ ಸಿಗುತ್ತದೆ. ಕಲ್ಲಿನಲ್ಲಿರುವ ಅತಿ ಕಿರಿಯ ಜಿರ್ಕಾನಿಗಿಂತ ಆ ಮರಳುಗಲ್ಲು ಹಳೆಯದಾಗಿರಲಾರದು. ಇನ್ನೊಂದು ಮಾತು ಕೇಳಿ: ಭೂಮಿಯದೇ ಆದ, ಈವರೆಗೆ ಸಿಕ್ಕಿರುವ ಅತಿ ಹಳೆಯ ಚೂರೂ ಒಂದು ಜಿರ್ಕಾನೇ, ಸುಮಾರು 440 ಕೋಟಿ ವರ್ಷದ್ದು, ಸಿಕ್ಕಿದ್ದು ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ, ಗುಂಡುಗಲ್ಲಿನ ಕಣಶಿಲೆಯ ಒಳಗೆ! ಅದು ಹುಟ್ಟಿದ ಬಂಡೆ ಸವೆದು ಸುಳಿವಿಲ್ಲದೆ ಹೋಯಿತು. ನೀರು ಹೊತ್ತು ತಂದ ಒಂದು ಕಣ ಮಾತ್ರ ಉಳಿಯಿತು.

ಮರಳು ಕೂತ ಮಾತ್ರಕ್ಕೆ ಕಲ್ಲಾಗುವುದಿಲ್ಲ. ಅದರ ಮೇಲೆ ಇನ್ನಷ್ಟು ಮರಳು, ಅದರ ಮೇಲೆ ಮತ್ತಷ್ಟು ಬಿದ್ದು, ನೆಲವೇ ಭಾರಕ್ಕೆ ಕುಸಿಯುತ್ತ ಹೋಗಿ, ಮೊದಲ ಪದರ ಬಲು ಆಳಕ್ಕೆ ಇಳಿಯಬೇಕು. ಅಲ್ಲಿ ಒತ್ತಡಕ್ಕೆ ಕಣಕ್ಕೆ ಕಣ ತಾಗುವ ಜಾಗದಲ್ಲಿ ಬೆಣಚು ಚೂರೇ ಚೂರು ಕರಗುತ್ತದೆ. ಕರಗಿದ್ದು ಪಕ್ಕದ ಸಂದಿಗೆ ಹೋಗಿ ಮತ್ತೆ ಹರಳುಗಟ್ಟುತ್ತದೆ. ಸಂದಿಗಳಲ್ಲಿ ಓಡಾಡುವ ನೀರು ಕಬ್ಬಿಣದ ಅಂಶ ತಂದು ಕಣಗಳಿಗೆ ತೆಳ್ಳಗೆ ಬಳಿಯುತ್ತದೆ. ಬಾದಾಮಿಯ ಆ ಕೆಂಪು ಆ ತುಕ್ಕಿನದು. ಒಂದು ಎಚ್ಚರಿಕೆ ಮಾತ್ರ ಇರಲಿ: ಬಣ್ಣದ ಪಟ್ಟಿಯೆಲ್ಲ ಪದರವಲ್ಲ. ಕಂಬಗಳ ಮೇಲೆ, ಶಿಲ್ಪಗಳ ಮೈಮೇಲೆ ಸುರುಳಿ ಸುರುಳಿಯಾಗಿ ಹಾಯುವ ಕೆಂಪು ಬಿಳಿ ಗೆರೆಗಳು ಬಹುಮಟ್ಟಿಗೆ ಕಬ್ಬಿಣದ ನೀರು ಆಮೇಲೆ ಬರೆದವು. ಪದರ ಬೇಕಿದ್ದರೆ ಬಣ್ಣ ಮರೆತು ಕಣದ ದಪ್ಪ ನೋಡಬೇಕು.

ಪದರಗಳೆಂದರೆ ಕಾಲದ ಬಿಡದ ಲೆಕ್ಕ ಎಂದು ನಾವು ಶಾಲೆಯಲ್ಲಿ ಕಲಿತುಬಿಟ್ಟಿದ್ದೇವೆ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಇದನ್ನು ಸ್ಪಷ್ಟವಾಗಿ ಬರೆದಿಟ್ಟವನು ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ, 1669ರಲ್ಲಿ. ಸರಿಯೇ. ಆದರೆ ಬಿಡದ ಲೆಕ್ಕ ಎಂಬುದು ಸರಿಯಲ್ಲ! ಹೊಳೆ ಹಾಸಿದ್ದರಲ್ಲಿ ಹೆಚ್ಚಿನದನ್ನು ಹೊಳೆಯೇ ಕೊಚ್ಚಿಕೊಂಡು ಹೋಗುತ್ತದೆ. ಯಾವುದೋ ಒಂದು ನೆರೆಯ ಮಧ್ಯಾಹ್ನ ಉಳಿಯುತ್ತದೆ, ಅದರ ಮುಂದಿನ ಸಾವಿರಾರು ವರ್ಷ ಅಳಿಸಿ ಹೋಗುತ್ತದೆ. ಎರಡು ಪದರಗಳ ನಡುವಣ ಕೂದಲೆಳೆಯ ಗೆರೆಯಲ್ಲಿ ಪದರಗಳಿಗಿಂತ ಹೆಚ್ಚು ಕಾಲ ಅಡಗಿರಬಹುದು. ಕಣಶಿಲೆಯ ನಿಜವಾದ ಬೆರಗು ಅದರ ನಿಧಾನದಲ್ಲಿಲ್ಲ. ನಿಮಿಷವನ್ನು ಕಾಪಾಡಿ ಯುಗವನ್ನು ಬಿಟ್ಟುಕೊಡುವ ಅದರ ಗುಣದಲ್ಲಿದೆ.

ನಂಬಿಕೆ ಬಾರದಿದ್ದರೆ ರಾಮದುರ್ಗದ ಕಡೆ ಹೋಗಬೇಕು. ಬಾದಾಮಿಯ ಮರಳುಗಲ್ಲು ಅಲ್ಲಿ ಚಪ್ಪಟೆಯಾಗಿ ಮಲಗಿದೆ. ಅದರ ಕೆಳಗೆ ಇನ್ನೂ ಹಳೆಯ ಬಾಗಲಕೋಟೆ ಗುಂಪಿನ ಪದರಗಳು ಓರೆಯಾಗಿ ಎದ್ದು ನಿಂತಿವೆ. ಎರಡೂ ಕಲಾದಗಿ ದ್ರೋಣಿಗೆ ಸೇರಿದವು. ದಾಳಿಂಬೆಗೆ ಹೆಸರಾದ ಕಲಾದಗಿಯ ಹೆಸರನ್ನೇ ಈ ಕಲ್ಲುಗಳಿಗೆ ಕೊಟ್ಟವನು ರಾಬರ್ಟ್ ಬ್ರೂಸ್ ಫೂಟ್; ಈ ಸೀಮೆಯ ಬಗ್ಗೆ ಅವನ ಗ್ರಂಥ ಬಂದದ್ದು 1876ರಲ್ಲಿ. ಎದ್ದು ನಿಂತ ಕಲ್ಲೂ ಒಂದು ಕಾಲಕ್ಕೆ ನೀರಿನ ತಳದಲ್ಲಿ ಚಪ್ಪಟೆಯಾಗಿ ಮಲಗಿತ್ತು. ಅದು ಗಟ್ಟಿಯಾಯಿತು, ಮಡಿಕೆ ಬಿತ್ತು, ಮೇಲೆದ್ದು ಗುಡ್ಡವಾಯಿತು. ಆ ಗುಡ್ಡವೂ ಸವೆದು ಸವೆದು ಬಯಲಾಯಿತು. ಇಷ್ಟೆಲ್ಲ ಆದ ಮೇಲೆ ಬಾದಾಮಿಯ ಹೊಳೆಗಳು ಬಂದು ಮರಳು ಹಾಸಿದವು! ಬಾಗಲಕೋಟೆ ಗುಂಪನ್ನು ಸೀಳಿಕೊಂಡು ಬಂದ ಶಿಲಾರಸದ ಒಂದು ಒಡ್ಡಿಗೆ ಸುಮಾರು 115 ಕೋಟಿ ವರ್ಷ. ಪದರಗಳು ಅದಕ್ಕಿಂತ ಹಳೆಯವು. ಅಂದರೆ ಎರಡು ಕಲ್ಲು ಕೂಡುವ ಆ ಗೆರೆಯಲ್ಲಿ 20 ಕೋಟಿ ವರ್ಷಕ್ಕೂ ಹೆಚ್ಚು ಕಾಲ ಕಾಣೆಯಾಗಿದೆ. ಅಂಗೈ ಇಟ್ಟರೆ ಮುಚ್ಚಿಹೋಗುತ್ತದೆ. 1788ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ದೋಣಿಯಲ್ಲಿ ಸಿಕ್ಕರ್ ಪಾಯಿಂಟಿಗೆ ಹೋಗಿ ಇಂಥದೇ ಕೂಡುಗೆರೆಯನ್ನು ಗೆಳೆಯರಿಗೆ ತೋರಿಸಿದ. ಭೂಮಿಗೆ ಕೆಲವು ಸಾವಿರ ವರ್ಷದ ವಯಸ್ಸು ಎಂದು ಬಹುತೇಕರು ನಂಬಿದ್ದ ಕಾಲ ಅದು. ಜಗತ್ತಿನ ಭೂವಿಜ್ಞಾನಿಗಳು ಯಾತ್ರೆ ಹೋಗುವ ಆ ಜಾಗದಲ್ಲಿ ಕಾಣೆಯಾದ ಕಾಲ ಸುಮಾರು ಆರೂವರೆ ಕೋಟಿ ವರ್ಷ. ನಮ್ಮ ರಾಮದುರ್ಗದ್ದು ಅದರ ಮೂರರಷ್ಟು! ಇದನ್ನು ನಮ್ಮ ಮಕ್ಕಳಿಗೆ ಹೇಳಿಕೊಡುವವರು ಯಾರು?

ನೀರು ಹೊತ್ತು ತಂದದ್ದರಿಂದಷ್ಟೇ ಪದರ ಹುಟ್ಟುವುದಿಲ್ಲ. ನೀರಿನಲ್ಲಿ ಕರಗಿದ ಸುಣ್ಣ ಹೆಪ್ಪುಗಟ್ಟಿ ತಳಕ್ಕೆ ಕೂತರೂ ಕಲ್ಲಾಗುತ್ತದೆ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಅಂಥದ್ದು. ಉತ್ತರ ಕರ್ನಾಟಕದ ಎಷ್ಟು ಮನೆಗಳ ನೆಲ ಅದು! ಕೈಮುಟ್ಟಿಗೆ ಚಪ್ಪಡಿ ಚಪ್ಪಡಿಯಾಗಿ ಏಳುವುದೂ ಅದು ಪದರ ಪದರವಾಗಿ ಕೂತದ್ದರಿಂದಲೇ. ಚಿಪ್ಪುಳ್ಳ ಪ್ರಾಣಿಗಳು ಹುಟ್ಟುವ ಮೊದಲಿನ ಕಡಲಿನ ತಳದ ಮೇಲೆ ನಾವು ಚಾಪೆ ಹಾಸಿ ಮಲಗುತ್ತ ಬಂದಿದ್ದೇವೆ. ಇನ್ನು ಕಲಾದಗಿ ದ್ರೋಣಿಯ ಹಳೆಯ ಸುಣ್ಣಶಿಲೆಗಳಲ್ಲಿ ಬಾಗು ಬಾಗಾದ ತೆಳುಪದರಗಳ ಗುಬುಟುಗಳಿವೆ, ಸ್ಟ್ರೊಮ್ಯಾಟೊಲೈಟುಗಳು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಅಂಟುಹಾಸು ಮೇಲೆ ಬಿದ್ದ ಸುಣ್ಣದ ಕೆಸರನ್ನು ಹಿಡಿದಿಟ್ಟು, ಬಿಸಿಲಿಗಾಗಿ ಅದನ್ನು ದಾಟಿ ಮೇಲೆ ಬೆಳೆದು, ಮತ್ತೆ ಕೆಸರು ಹಿಡಿದು ಕಟ್ಟಿದ ಪದರಗಳವು. ಕಲ್ಲು ಕಟ್ಟುವ ಕೆಲಸದಲ್ಲಿ ಜೀವವೂ ಸೇರಿತ್ತು!

ಪದರಗಳು ಚಂದ್ರನ ಲೆಕ್ಕವನ್ನೂ ಇಟ್ಟಿವೆ. ದಕ್ಷಿಣ ಆಸ್ಟ್ರೇಲಿಯಾದ ಎಲಾಟಿನಾ ಎಂಬ ಕಣಶಿಲೆಯಲ್ಲಿ, ಸುಮಾರು 62 ಕೋಟಿ ವರ್ಷಗಳ ಹಿಂದಿನ ಕಡಲಿನ ಉಬ್ಬರವಿಳಿತ ನವಿರಾದ ಪದರಗಳಾಗಿ ಉಳಿದಿದೆ. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ದಪ್ಪ ಪದರ, ಅಷ್ಟಮಿಯ ಸಣ್ಣ ಉಬ್ಬರಕ್ಕೆ ತೆಳು ಪದರ. ಜಾರ್ಜ್ ವಿಲಿಯಮ್ಸ್ ಎಂಬ ಭೂವಿಜ್ಞಾನಿ ಅವನ್ನು ಒಂದೊಂದಾಗಿ ಅಳೆದು ಹೇಳಿದ ಲೆಕ್ಕ: ಆಗ ವರ್ಷಕ್ಕೆ ಸುಮಾರು 400 ದಿನ, ದಿನಕ್ಕೆ ಸುಮಾರು 22 ಗಂಟೆ. ಉಬ್ಬರವಿಳಿತದ ಎಳೆತಕ್ಕೆ ಭೂಮಿಯ ತಿರುಗು ನಿಧಾನವಾಗುತ್ತಲೇ ಬಂದಿದೆ, ಚಂದ್ರ ದೂರ ಸರಿಯುತ್ತಲೇ ಬಂದಿದ್ದಾನೆ. ಬಾದಾಮಿಯ ಹೊಳೆ ಹರಿದದ್ದು ಅದಕ್ಕೂ ಎಷ್ಟೋ ಹಿಂದೆ. ಅದರ ಮೇಲೆ ಬಿದ್ದ ಮಧ್ಯಾಹ್ನ ಇನ್ನೂ ಬೇಗ ಸಂಜೆಯಾಗಿರಬೇಕು.

ಈ ಕೆಲಸ ನಿಂತಿಲ್ಲ. ಮಲಪ್ರಭೆ ಇವತ್ತು ಅದೇ ಮರಳುಗಲ್ಲನ್ನು ಸವೆಸುತ್ತಿದೆ. ಗ್ರಾನೈಟಿನಿಂದ ಉದುರಿ, ಹಳೆಯ ಹೊಳೆಯಲ್ಲಿ ಹರಿದು, ಕಲ್ಲಾಗಿ ಕೋಟ್ಯಂತರ ವರ್ಷ ಮಲಗಿದ್ದ ಕಣ ಬಿಡಿಸಿಕೊಂಡು ಮತ್ತೆ ಪ್ರಯಾಣ ಹೊರಟಿದೆ. ಪಟ್ಟದಕಲ್ಲು, ಐಹೊಳೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಿ, ನಾರಾಯಣಪುರದ ಬಸವಸಾಗರದ ಹಿನ್ನೀರಿನಲ್ಲಿ ಹೊಸ ಪದರವಾಗಿ ಕೂರುತ್ತಿದೆ.

ಬಾದಾಮಿಗೆ ಹೋಗುವವರಲ್ಲಿ ಒಂದು ಬಿನ್ನಹ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೋಗಿ, ಪದರಗಳು ಆಗ ಎದ್ದು ಕಾಣುತ್ತವೆ. ಜೊತೆಯಲ್ಲಿ ಮಕ್ಕಳಿದ್ದರೆ ಒಂದು ಭೂತಗನ್ನಡಿ ಕೊಟ್ಟು ಬಂಡೆಯ ಕಣಗಳನ್ನು ನೋಡಲು ಹೇಳಿ, ಓರೆಗೆರೆ ಹುಡುಕಿಸಿ, ನೀರು ಎತ್ತ ಹರಿದಿತ್ತೆಂದು ಅವರಿಂದಲೇ ಹೇಳಿಸಿ. ಆ ಬಂಡೆಯ ಮೇಲೆ ಯಾರಾದರೂ ಹೆಸರು ಕೊರೆಯುವುದನ್ನು ಕಂಡರೆ ದಯವಿಟ್ಟು ತಡೆಯಿರಿ.